ಪೂರ್ವಗ್ರಹ ಎಲ್ಲರದೇ? ಬೀಗದ ಕೈ ಯಾರದು?

2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಗೆ ಮುನ್ನ ಅಂಗಡಿ ಜಾಗಗಳ ಏಲಂ ನಡೆಯಿತು. ಏಲಂ ಕೂಗಲು ಹಿಂದೂಗಳಿಗೆ ಮಾತ್ರ ಅವಕಾಶ ಎಂದು ಹೊಸ ಮಾರಿಗುಡಿಯ ಆಡಳಿತದವರು ಹೇಳಿದರು. ಜಾತ್ರೆಯಿಂದ ಜಾತ್ರೆಗೆ ಸರಕು ಹೊತ್ತು ತಿರುಗುವ ಮುಸ್ಲಿಂ ವ್ಯಾಪಾರಿಗಳು ಆ ವರ್ಷ ಹೊರಗುಳಿದರು. ಮಾರ್ಚ್ 15ರಂದು ಕಾಲೇಜಿನ ಹಿಜಾಬ್ ಪ್ರಕರಣದಲ್ಲಿ ಸಮವಸ್ತ್ರದ ಪರ ಹೈಕೋರ್ಟ್ ತೀರ್ಪು ಬಂದಿತ್ತು. 17ರಂದು ಅದನ್ನು ಪ್ರತಿಭಟಿಸಿ ಮುಸ್ಲಿಮರು ಅಂಗಡಿ ಮುಚ್ಚಿದ್ದರು. ತೀರ್ಪನ್ನೇ ಒಪ್ಪದವರಿಗೆ ದೇವಸ್ಥಾನದ ಜಾಗ ಏಕೆ ಎಂದು ಹಿಂದೂ ಸಂಘಟನೆಗಳು ಒತ್ತಾಯಿಸಿದವು, ಆಡಳಿತದವರು ಮಣಿದರು. ಇದೇ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ಊದುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ.

ಆ ನಿರ್ಧಾರಕ್ಕೆ ತಲೆಯಾಡಿಸಿದವರೆಲ್ಲರ ಮನಸ್ಸಿನಲ್ಲೂ ಮುಸ್ಲಿಮರ ಬಗ್ಗೆ ದ್ವೇಷ ಇತ್ತೆ? ಇದ್ದಿರಬಹುದು, ಇಲ್ಲದಿರಲೂಬಹುದು. ಜಾಗ ಸಿಗದವನಿಗೆ ಎರಡೂ ಒಂದೇ. ಈ ವಿಷಯ ಉಡುಪಿಯ ಹೋಟೆಲಿನ ಮೇಜಿನ ಮೇಲೆ ಬಂದಾಗಲೆಲ್ಲ ಯಾರಾದರೊಬ್ಬರು, "ಯಾರಿಗಿಲ್ಲ ಮಾರಾಯ್ರೆ? ಅವರಿಗೂ ಇದೆ, ನಮಗೂ ಇದೆ" ಎಂದು ಮಾತು ಮುಗಿಸುತ್ತಾರೆ. ಆ ಮಾತು ಎಷ್ಟು ನಿಜ ಎಂಬ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಸಂಶೋಧನೆ ಇದೆ. ಅದು ನಿಜವಾದರೂ ಅಲ್ಲಿಗೆ ಮಾತು ಮುಗಿಯುತ್ತದೆಯೆ ಎಂಬುದು ಬೇರೆಯದೇ ಪ್ರಶ್ನೆ.

ಮನಸ್ಸು ಒಂದು, ನಡತೆ ಇನ್ನೊಂದು

ಮನಸ್ಸು, ನಡತೆ ಎರಡನ್ನೂ ಮೊದಲು ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಪ್ರಮುಖ. ಚೀನೀಯರ ಬಗ್ಗೆ ಅಲ್ಲಿ ತೀವ್ರ ಅಸಹನೆ ಇದ್ದ 1930ರ ದಶಕದ ಆರಂಭದಲ್ಲಿ ಅವರು ಒಂದು ಚೀನೀ ದಂಪತಿಯ ಜೊತೆ ದೇಶ ಸುತ್ತಿದರು. 251 ಹೋಟೆಲು, ಊಟದ ಮನೆಗಳಿಗೆ ಹೋದರು. ಬಾಗಿಲು ಹಾಕಿದ್ದು ಒಂದೇ ಕಡೆ. ಕೆಲವು ತಿಂಗಳ ಬಳಿಕ ಅದೇ ಮಾಲೀಕರಿಗೆ ಪತ್ರ ಬರೆದು ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. 1934ರ ಆ ಲೇಖನಕ್ಕೆ ಬಂದ ಆಕ್ಷೇಪಗಳು ಕಡಿಮೆಯಲ್ಲ. ಪತ್ರಕ್ಕೆ ಉತ್ತರಿಸಿದವನೂ ಅಂದು ಗಲ್ಲಾದ ಮುಂದೆ ಕೂತಿದ್ದವನೂ ಒಬ್ಬನೇ ಎಂದು ಹೇಗೆ ಹೇಳುವುದು? ಬಿಳಿಯ ಪ್ರೊಫೆಸರರೊಬ್ಬರು ಜೊತೆಗಿದ್ದುದು ಲೆಕ್ಕಕ್ಕಿಲ್ಲವೆ? ಆದರೂ ಮನಸ್ಸಿನಲ್ಲಿ ಇರುವುದೆಲ್ಲ ಕೈಗೆ ಇಳಿಯುವುದಿಲ್ಲ ಎಂಬ ಅಂಶ ನಿಂತಿತು.

ತಿರುವುಮುರುವಿನ ಸಾಧ್ಯತೆಯನ್ನು ರಾಬರ್ಟ್ ಮರ್ಟನ್ 1949ರಲ್ಲಿ ಹೇಳಿದರು. ಅವರು ಜನರನ್ನು ನಾಲ್ಕು ಬಗೆಯಾಗಿ ಕಂಡರು: ಪೂರ್ವಗ್ರಹವೂ ಇಲ್ಲದ, ಭೇದವನ್ನೂ ಮಾಡದವರು, ಪೂರ್ವಗ್ರಹ ಇದ್ದು ಭೇದವನ್ನೂ ಮಾಡುವವರು, ಪೂರ್ವಗ್ರಹ ಇದ್ದರೂ ಕಾನೂನಿಗೋ ನಷ್ಟಕ್ಕೋ ಹೆದರಿ ಸುಮ್ಮನಿರುವವರು, ಪೂರ್ವಗ್ರಹ ಇಲ್ಲದಿದ್ದರೂ ನಾಲ್ಕು ಜನ ಏನೆಂದಾರು ಎಂದು ಭೇದ ಮಾಡುವವರು. ಈ ನಾಲ್ಕನೆಯವರನ್ನು ಗುರುತಿಸಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಮರ್ಟನ್ನರಿಗಿಂತ ಮೊದಲೇ, 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಅಂಥ ಒಬ್ಬನಿದ್ದಾನೆ. ಬೇಸಾಯಕ್ಕೆ ತುಂಡು ಭೂಮಿ ಕೇಳುವ ಚೋಮನ ಮೇಲೆ ಒಡೆಯ ಸಂಕಪ್ಪಯ್ಯನಿಗೆ ಮರುಕ ಹುಟ್ಟುತ್ತದೆ, ಆದರೆ ಮನೆಯವರನ್ನೂ ರೂಢಿಯನ್ನೂ ಮೀರುವ ಧೈರ್ಯ ಬರುವುದಿಲ್ಲ. ಒಡೆಯನ ಒಳ್ಳೆಯತನದಿಂದ ಚೋಮನಿಗೆ ಒಂದು ಮುಡಿ ಗದ್ದೆಯೂ ದಕ್ಕಲಿಲ್ಲ.

ಈ ಕ್ಷೇತ್ರದ ಮೂಲಗ್ರಂಥ ಎನಿಸಿದ್ದು 1954ರಲ್ಲಿ ಬಂದ ಗಾರ್ಡನ್ ಆಲ್‌ಪೋರ್ಟ್ ಅವರ ಪುಸ್ತಕ. ತಪ್ಪಾದ, ಪುರಾವೆ ಕಂಡರೂ ಬಗ್ಗದ ಸಾಮಾನ್ಯೀಕರಣದ ಮೇಲೆ ನಿಂತ ಅಸಹನೆಯೇ ಪೂರ್ವಗ್ರಹ ಎಂಬುದು ಅವರ ವ್ಯಾಖ್ಯೆಯ ಸಾರ. ಅದು ಹೊರಬರುವ ಐದು ಮೆಟ್ಟಿಲುಗಳನ್ನೂ ಅವರು ಹೇಳಿದರು: ಬೆನ್ನ ಹಿಂದೆ ಆಡಿಕೊಳ್ಳುವುದು, ದೂರ ಉಳಿಯುವುದು, ಭೇದ ಮಾಡುವುದು, ಕೈ ಮಾಡುವುದು, ನಿರ್ನಾಮ ಮಾಡುವುದು. ತಾರತಮ್ಯ ಇಲ್ಲಿ ಮೂರನೆಯ ಮೆಟ್ಟಿಲು. ಅಸಹನೆಯೇ ಇಲ್ಲದೆ ನೇರವಾಗಿ ಮೂರನೆಯ ಮೆಟ್ಟಿಲಲ್ಲಿ ನಿಲ್ಲುವವರ ಲೆಕ್ಕ ಈ ಏಣಿಗೆ ಸಿಗುವುದಿಲ್ಲ. ಕರಾವಳಿಯ ಇತಿಹಾಸದಲ್ಲಿ ಅಂಥವರೇ ಹೆಚ್ಚು.

ಕರಾವಳಿಯ ಹಳೆಯ ಕಡತ

ಕೊರಗರಿಂದಲೇ ಶುರುಮಾಡಬೇಕು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಸಂಪುಟಗಳಲ್ಲಿ 'ಅಂಡೆ ಕೊರಗ'ರ ಪ್ರಸ್ತಾಪ ಬರುತ್ತದೆ. ದಾರಿಯಲ್ಲಿ ಉಗುಳಿದರೆ ನೆಲ ಮೈಲಿಗೆಯಾಗುತ್ತದೆಂದು ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದ ಜನ ಇವರು. ಅಜಲು ಪದ್ಧತಿ ಇನ್ನೂ ಈಚಿನವರೆಗೆ ಉಳಿದಿತ್ತು. ಸೀಮಂತದ ಸಂದರ್ಭದಲ್ಲೋ ಮಗುವಿಗೆ ಕಾಯಿಲೆಯಾದಾಗಲೋ ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ಮನೆಯ ಅನಿಷ್ಟವನ್ನು ಅವರ ಮೈಗೆ ದಾಟಿಸುವ ನಂಬಿಕೆ ಅದರ ಒಂದು ರೂಪ. ಜಾತ್ರೆಯಲ್ಲಿ, ಕಂಬಳದ ಹಿಂದಿನ ರಾತ್ರಿ ಡೋಲು ಬಾರಿಸಲೇಬೇಕು ಎಂಬ ಕಟ್ಟಳೆ ಇನ್ನೊಂದು. ಇದನ್ನು ನಿಷೇಧಿಸಲು ರಾಜ್ಯ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿಗೆ ಆಗ ಐವತ್ತು ವರ್ಷ.

ಅಜಲು ಮಾಡಿಸುತ್ತಿದ್ದ ಮನೆಗಳಲ್ಲಿ ಕೊರಗರ ಮೇಲೆ ಸಿಟ್ಟು ಇರಲಿಲ್ಲ. ಅನ್ನ ಕೊಡುತ್ತಿದ್ದೇವೆ, ಬಟ್ಟೆ ಕೊಡುತ್ತಿದ್ದೇವೆ ಎಂಬ ತೃಪ್ತಿಯೇ ಇತ್ತು. ಇದಕ್ಕಿಂತ ಜಟಿಲವಾದ ಸಂಗತಿ ಕೊರಗಜ್ಜ. ಕಳೆದುಹೋದ ವಸ್ತು ಸಿಗಲಿ ಎಂದು ಕರಾವಳಿಯ ಎಲ್ಲ ಜಾತಿಯವರೂ ಚಕ್ಕುಲಿ, ವೀಳ್ಯ, ಶೇಂದಿ ಹರಕೆ ಹೊರುವುದು ಈ ಕೊರಗ ಯುವಕನ ದೈವಕ್ಕೆ. ದೈವವಾದ ಕೊರಗನಿಗೆ ಕೈಮುಗಿಯುವ ಅಂಗಳದಲ್ಲೇ ಬದುಕಿರುವ ಕೊರಗರಿಗೆ ಅಜಲಿನ ಅನ್ನ ಬಡಿಸಲಾಗುತ್ತಿತ್ತು. ಗೌರವ ಹೆಚ್ಚಿದರೆ ಭೇದ ತಗ್ಗುತ್ತದೆ ಎಂದು ನಂಬುವ ಸಿದ್ಧಾಂತಗಳನ್ನೆಲ್ಲ ಒಮ್ಮೆ ಈ ಅಂಗಳಕ್ಕೆ ತಂದು ನೋಡಬೇಕು.

ಉಡುಪಿಯ ಮಠದ ಕಥೆಯಲ್ಲಿ ಕನಕನ ಕಿಂಡಿ ಎಲ್ಲರಿಗೂ ಗೊತ್ತು. ಅದು ಐತಿಹ್ಯವೋ ಇತಿಹಾಸವೋ ಎಂಬ ಜಗಳ ಇದ್ದರೂ ಹೊರಗೆ ನಿಂತ ಭಕ್ತನ ಚಿತ್ರ ಉಡುಪಿಯ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ಈಚಿನ ಕಾಲದಲ್ಲಿ ಪೇಜಾವರದ ವಿಶ್ವೇಶತೀರ್ಥರು 1969ರಲ್ಲಿ ಉಡುಪಿಯಲ್ಲೇ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದ ಮೂಲಕ ಅಸ್ಪೃಶ್ಯತೆಗೆ ಧರ್ಮದ ಸಮ್ಮತಿ ಇಲ್ಲ ಎಂದು ಸಾರಿದರು, ದಲಿತರ ಕೇರಿಗಳಿಗೆ ನಡೆದರು. 2017ರ ರಂಜಾನ್‌ನಲ್ಲಿ ಮಠದ ಆವರಣದಲ್ಲಿ ಇಫ್ತಾರ್ ಕೂಟ ನಡೆಸಿ ತಮ್ಮವರಿಂದಲೇ ಟೀಕೆ ಕೇಳಿದರು. ಆದರೆ ಕೃಷ್ಣಮಠದ ಊಟದಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇರುವುದು ವಿವಾದವಾಗುತ್ತಲೇ ಇತ್ತು. 2014ರಲ್ಲಿ ಬ್ರಾಹ್ಮಣೇತರ ಮಹಿಳೆಯೊಬ್ಬರನ್ನು ಊಟದ ಸಾಲಿನಿಂದ ಎಬ್ಬಿಸಿದ್ದು ದೊಡ್ಡ ಸುದ್ದಿಯಾಯಿತು. ಒಬ್ಬ ಯತಿಯ ಮನಸ್ಸು ಎಷ್ಟು ದೂರ ನಡೆದರೂ ಬಡಿಸುವ ಎಲೆಯ ಸಾಲು ಅಲ್ಲೇ ಇತ್ತು. ಇದಕ್ಕೆ ಪ್ರತಿಯಾಗಿ, ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ಮತ್ತು ಅದರ ತಿದ್ದಿದ ರೂಪವಾದ ಎಡೆಸ್ನಾನ ಎರಡನ್ನೂ ಪರ್ಯಾಯ ಪಲಿಮಾರು ಶ್ರೀಗಳು 2018ರ ಡಿಸೆಂಬರ್‌ನಲ್ಲಿ ಉಡುಪಿಯಲ್ಲಿ ನಿಲ್ಲಿಸಿದರು. ಭಕ್ತರ ಮನಃಪರಿವರ್ತನೆಗೆ ಅವರು ಕಾಯಲಿಲ್ಲ. ಬೇಡ ಎಂದರು, ನಿಂತಿತು.

ಇನ್ನೊಂದು ಘಟನೆಯನ್ನು ಬಿಡುವ ಹಾಗಿಲ್ಲ. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟುವಿನ ಕೊರಗ ಕಾಲೊನಿಯಲ್ಲಿ ಮೆಹಂದಿ ಕಾರ್ಯಕ್ರಮ ಇತ್ತು. ಡಿಜೆ ಸದ್ದು ಹೆಚ್ಚಾಯಿತೆಂದು ದೂರು ಹೋಯಿತು, ಪೊಲೀಸರು ಬಂದು ಲಾಠಿ ಬೀಸಿದರು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಊರಿನವರಿಗಾಗಿ ಡೋಲು ಬಾರಿಸಿ ಎಂದು ತಲೆಮಾರುಗಳ ಕಾಲ ಕಟ್ಟಳೆ ಮಾಡಿದ್ದ ಸೀಮೆಯಲ್ಲಿ, ಅದೇ ಜನ ತಮ್ಮ ಮದುವೆಗೆ ತಾವೇ ಸದ್ದು ಮಾಡಿದಾಗ ಆದದ್ದು ಇದು. ಡಿಜೆ ಇಲ್ಲದ ಮೆಹಂದಿ ಈಗ ಈ ಕಡೆ ಯಾವ ಜಾತಿಯಲ್ಲೂ ಸಿಗುವುದು ಕಷ್ಟ.

ಒಳಗೆ ಹುಡುಕುವವರು

ಎಲ್ಲರಿಗೂ ಪೂರ್ವಗ್ರಹ ಇದೆ ಎನ್ನುವವರಲ್ಲಿ ತತ್ತ್ವಜ್ಞಾನಿಗಳೂ ಇದ್ದಾರೆ. ಮೊದಲೇ ಒಂದು ಎಣಿಕೆ ಇಲ್ಲದೆ ಯಾವುದನ್ನೂ ಅರ್ಥಮಾಡಿಕೊಳ್ಳಲಾಗದು ಎಂದು ಜರ್ಮನಿಯ ಗಾಡಮರ್ 1960ರಲ್ಲಿ ವಾದಿಸಿದರು. ಆದರೆ ಪಠ್ಯ ಓದುವಾಗಿನ ಎಣಿಕೆ ಬೇರೆ, ಬಾಡಿಗೆ ಮನೆ ಕೇಳಲು ಬಂದವನ ಹೆಸರು ಕೇಳಿ ಹುಟ್ಟುವ ಎಣಿಕೆ ಬೇರೆ.

ಮನಶ್ಶಾಸ್ತ್ರದಲ್ಲಿ ಮೊದಲಿಗೆ, ನಾಜಿಗಳ ನೆರಳಿನಲ್ಲಿ, ಇದನ್ನು ಕೆಲವರ ರೋಗ ಎಂದು ನೋಡಲಾಯಿತು. ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದು ಅಧಿಕಾರಕ್ಕೆ ಬಾಗುವ ಸ್ವಭಾವದವರೇ ಪೂರ್ವಗ್ರಹಿಗಳು ಎಂದು 1950ರಲ್ಲಿ ಅಡಾರ್ನೊ ಮತ್ತು ಸಂಗಡಿಗರು ಹೇಳಿದರು. ಇಡೀ ಊರಿಗೆ ಊರೇ ಭೇದ ಮಾಡುವಾಗ ಈ ವಿವರಣೆ ಸಾಲದು. 1971ರಲ್ಲಿ ಪ್ರಕಟವಾದ ಹೆನ್ರಿ ತಾಜ್‌ಫೆಲ್ ಅವರ ಪ್ರಯೋಗಗಳು ದಿಕ್ಕು ಬದಲಿಸಿದವು. ಬ್ರಿಸ್ಟಲಿನ ಶಾಲಾ ಹುಡುಗರನ್ನು ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ಯಾರು ಇಷ್ಟ ಎಂಬ ನೆಪದಲ್ಲಿ ಎರಡು ಗುಂಪು ಮಾಡಲಾಯಿತು. ಪರಸ್ಪರ ಮುಖವನ್ನೂ ನೋಡದೆ, ಹಳೆಯ ಹಗೆಯೂ ಇಲ್ಲದೆ, ಹುಡುಗರು ತಮ್ಮ ಗುಂಪಿಗೆ ಹೆಚ್ಚು ಹಂಚಿದರು. ಒಟ್ಟು ಲಾಭ ಕಡಿಮೆಯಾದರೂ ಚಿಂತೆಯಿಲ್ಲ, ಆ ಕಡೆಯವರಿಗಿಂತ ನಮಗೆ ಜಾಸ್ತಿ ಬರಲಿ ಎಂಬ ಒಲವೂ ಕಂಡಿತು. 'ಎಲ್ಲರಿಗೂ ಇದೆ' ಎಂಬ ಮಾತಿಗೆ ಇದಕ್ಕಿಂತ ಬಲವಾದ ಆಧಾರ ಇನ್ನೊಂದಿಲ್ಲ. ಆದರೆ ಇಲ್ಲಿ ಸಾಬೀತಾಗುವುದು ನಮ್ಮವರ ಮೇಲಿನ ಪಕ್ಷಪಾತ. ಅನ್ಯರ ಮೇಲಿನ ತಿರಸ್ಕಾರಕ್ಕೆ ಇನ್ನೇನೋ ಬೇಕು.

ಪೆಟ್ರೀಶಿಯಾ ಡಿವೈನ್ 1989ರಲ್ಲಿ ಇನ್ನೊಂದು ಎಳೆ ಸೇರಿಸಿದರು: ಒಂದು ಸಮಾಜದಲ್ಲಿ ಬೆಳೆದವರೆಲ್ಲರ ತಲೆಯಲ್ಲೂ ಅದರ ಸಿದ್ಧಮಾದರಿಗಳು ತಾವಾಗಿಯೇ ಎದ್ದುಬರುತ್ತವೆ, ಅವುಗಳನ್ನು ತಡೆದು ಯೋಚಿಸುವವರೂ ತಡೆಯದವರೂ ಬೇರೆಬೇರೆ. 1998ರಲ್ಲಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು, ಕಂಪ್ಯೂಟರ್ ಕೀಲಿ ಒತ್ತುವ ವೇಗದಲ್ಲಿ ಅರಿವಿಗೆ ಬಾರದ ಒಲವನ್ನು ಅಳೆಯುವ ಪರೀಕ್ಷೆ ರೂಪಿಸಿದರು. ಅದು ಜಗತ್ತಿನಾದ್ಯಂತ ಕಂಪನಿಗಳ ತರಬೇತಿಗೂ ಬಂತು.

2022ರ ನವೆಂಬರ್‌ನಲ್ಲಿ ಮಣಿಪಾಲದ ಎಂಜಿನಿಯರಿಂಗ್ ತರಗತಿಯೊಂದರಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಂ ವಿದ್ಯಾರ್ಥಿಯನ್ನು ಮುಂಬೈ ದಾಳಿಯ ಉಗ್ರನ ಹೆಸರಿನಿಂದ ಕರೆದರು. ವಿದ್ಯಾರ್ಥಿ ಎದ್ದು ನಿಂತು ಪ್ರಶ್ನಿಸಿದ. ನೀನು ನನ್ನ ಮಗನ ಹಾಗೆ ಎಂದು ಅವರು ಸಮಾಧಾನ ಮಾಡಲು ಹೋದಾಗ, ನಿಮ್ಮ ಮಗನನ್ನು ಹಾಗೆ ಕರೆಯುತ್ತೀರಾ ಎಂದು ಕೇಳಿದ. ವಿಡಿಯೊ ದೇಶ ಸುತ್ತಿತು, ಸಂಸ್ಥೆ ಅಧ್ಯಾಪಕರನ್ನು ಪಾಠದಿಂದ ದೂರವಿಟ್ಟು ತನಿಖೆಗೆ ಆದೇಶಿಸಿತು. ತಾವಾಗಿಯೇ ಎದ್ದುಬರುವ ಸಿದ್ಧಮಾದರಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು. ಅದೇ ಮಾತನ್ನು ಹಾಸ್ಟೆಲ್ ರೂಮಿನಲ್ಲಿ ಸಹಪಾಠಿ ಆಡಿದ್ದರೆ ಅದು ಆಲ್‌ಪೋರ್ಟರ ಮೊದಲ ಮೆಟ್ಟಿಲು. ಅಂಕ ಕೊಡುವ ಕೈಯುಳ್ಳವರು ಆಡಿದ್ದರಿಂದ ತೂಕ ಬದಲಾಯಿತು.

ಪೂರ್ವಗ್ರಹವನ್ನು ಮನಸ್ಸಿನೊಳಗೆ ಹುಡುಕುವ ಈ ಚಿಂತನಾ ಶಾಲೆಗೆ ಈಗ ಕಷ್ಟದ ಕಾಲ. ವೇಗದ ಪರೀಕ್ಷೆಯನ್ನು ಒಬ್ಬನೇ ಎರಡು ಸಲ ಬರೆದರೆ ಫಲಿತಾಂಶ ಬೇರೆ ಬರುವುದುಂಟು. 492 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ಒಂದು ಸಮೀಕ್ಷೆ, ಒಳಗಿನ ಒಲವಿನ ಅಳತೆಯನ್ನು ಬದಲಿಸಿದರೂ ಅದರಿಂದ ನಡತೆ ಬದಲಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದಿತು.

ಗುಂಪಿನ ಸ್ಥಾನ

ಎರಡನೆಯ ಶಾಲೆ ವ್ಯಕ್ತಿಯನ್ನು ಬಿಟ್ಟು ಗುಂಪನ್ನು ಹಿಡಿಯುತ್ತದೆ. ಹರ್ಬರ್ಟ್ ಬ್ಲೂಮರ್ 1958ರಲ್ಲಿ ಹೇಳಿದ್ದು ಇಷ್ಟು: ಪೂರ್ವಗ್ರಹ ಹುಟ್ಟುವುದು ತಮ್ಮ ಗುಂಪಿಗೆ ಸಲ್ಲಬೇಕಾದ ಸ್ಥಾನಕ್ಕೆ ಇನ್ನೊಬ್ಬರು ಕೈಹಾಕುತ್ತಿದ್ದಾರೆ ಎಂಬ ಭಾವದಿಂದ. ಭೇದದ ವ್ಯವಸ್ಥೆಯೇ ಮೊದಲು, ಅದನ್ನು ಸಮರ್ಥಿಸುವ ಭಾವನೆ ಆಮೇಲೆ.

ಅಂಬೇಡ್ಕರರು ಇದಕ್ಕೂ ಮುಂಚೆ, ಇದಕ್ಕಿಂತ ಆಳಕ್ಕೆ ಹೋಗಿದ್ದರು. ಜಾತಿ ಇರುವುದು ಇಟ್ಟಿಗೆಯ ಗೋಡೆಯಾಗಿ ಅಲ್ಲ, ಮನಸ್ಸಿನ ಸ್ಥಿತಿಯಾಗಿ ಎಂದು ಅವರು 1936ರಲ್ಲಿ ಬರೆದರು. ಆದರೆ ಆ ಮನಸ್ಸಿಗೆ ಶಾಸ್ತ್ರದ ಅಧಿಕಾರದ ಬಲವಿದೆ ಎಂದೂ ತೋರಿಸಿದರು. ಶ್ರೇಣೀಕೃತ ಅಸಮಾನತೆಯ ಅವರ ವಿವರಣೆ 'ಎಲ್ಲರಿಗೂ ಇದೆ' ಎಂಬ ಮಾತಿಗೆ ಬೇರೆಯೇ ಅರ್ಥ ಕೊಡುತ್ತದೆ. ಪ್ರತಿ ಮೆಟ್ಟಿಲಿನವನಿಗೂ ಕೆಳಗೆ ಒಬ್ಬ ಸಿಗುವಂತೆ ಕಟ್ಟಿದ ವ್ಯವಸ್ಥೆಯಲ್ಲಿ ಪೂರ್ವಗ್ರಹ ಎಲ್ಲರಲ್ಲೂ ಇರುವುದು ಮನುಷ್ಯಸ್ವಭಾವದ ದೋಷಕ್ಕಿಂತ ಕಟ್ಟಡದ ನಕ್ಷೆಯ ಫಲ. ಬಂಟರು ಬಿಲ್ಲವರನ್ನು, ಬಿಲ್ಲವರು ಮುಂಡಾಲರನ್ನು, ಎಲ್ಲರೂ ಸೇರಿ ಕೊರಗರನ್ನು ಕಂಡ ರೀತಿಯನ್ನು ಈ ಭಾಗದ ಹಿರಿಯರು ಮುಜುಗರದಿಂದಾದರೂ ಒಪ್ಪುತ್ತಾರೆ.

1974ರ ಭೂಸುಧಾರಣಾ ತಿದ್ದುಪಡಿ ಕರಾವಳಿಯಲ್ಲಿ ನಡೆದ ಸಹಜ ಪ್ರಯೋಗದಂತಿದೆ. ಗೇಣಿದಾರರು ಒಕ್ಕಲಿನಿಂದ ಒಡೆತನಕ್ಕೆ ಏರಿದರು. ಧಣಿಗಳ ಮುಂದೆ ಅಂಗಳದಲ್ಲಿ ನಿಲ್ಲುತ್ತಿದ್ದವರ ಮಕ್ಕಳು ಚಾವಡಿಯಲ್ಲಿ ಕೂತರು. ಯಾರ ಹೃದಯವೂ ಬದಲಾಗಿರಲಿಲ್ಲ, ಪಹಣಿ ಬದಲಾಗಿತ್ತು. ಗೇಣಿಗೂ ಭೂಮಿ ಸಿಕ್ಕಿರದ ಕೊರಗರಿಗೆ ಈ ಏಣಿ ಎಟುಕಲಿಲ್ಲ. ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂಬ ಮಹಮ್ಮದ್ ಪೀರ್ ವರದಿಯ ಶಿಫಾರಸು ಬಂದದ್ದು 1990ರ ದಶಕದಲ್ಲಿ; ಅದರ ಪೂರ್ಣ ಜಾರಿಗಾಗಿ ಹೋರಾಟ ನಡೆಯುತ್ತಲೇ ಬಂತು. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ದಲಿತ ಸಂಘಟನೆಗಳ 'ಚಲೋ ಉಡುಪಿ' ಜಾಥಾ ಆಹಾರದ ಆಯ್ಕೆಯ ಜೊತೆಗೆ ಭೂಮಿಯ ಹಕ್ಕನ್ನೂ ಘೋಷಣೆಯಾಗಿ ಇಟ್ಟುಕೊಂಡದ್ದು ಕಾಕತಾಳೀಯವಲ್ಲ.

ಕಾನೂನಿನ ಕಣ್ಣಿಗೆ ಬೀಳುವುದು

ಕಾನೂನು ಮನಸ್ಸನ್ನು ಶಿಕ್ಷಿಸುವುದಿಲ್ಲ, ನಡತೆಯನ್ನು ಹಿಡಿಯುತ್ತದೆ. ಸಂವಿಧಾನದ 15(1) ವಿಧಿ ಸರ್ಕಾರವನ್ನು ಕಟ್ಟುತ್ತದೆ; 15(2) ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೂ ಚಾಚುತ್ತದೆ. 'ಅಂಗಡಿ'ಯನ್ನು ವಿಶಾಲ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂದು ಅಂಬೇಡ್ಕರರೇ 1948ರಲ್ಲಿ ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇಟ್ಟಿದ್ದ ಹಳೆಯ ಉಡುಪಿ ಹೋಟೆಲುಗಳು ಇಂದು ಯಾರ ಪಕ್ಕದಲ್ಲಿ ಯಾರಾದರೂ ಕೂತು ದೋಸೆ ತಿನ್ನುವ ಜಾಗವಾಗಿವೆ. ಅದರಲ್ಲಿ ಕಾನೂನಿನ ಪಾಲೆಷ್ಟು, ಗಲ್ಲಾಪೆಟ್ಟಿಗೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಬಾಡಿಗೆ ಮನೆ ಮಾತ್ರ ಈ ಬಲೆಯ ಹೊರಗೇ ಉಳಿದಿದೆ. ಒಂದೇ ಸಮುದಾಯದ ಸದಸ್ಯರಿಗೆ ಸೀಮಿತವಾದ ವಸತಿ ಸಹಕಾರ ಸಂಘವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಪಾರ್ಸಿಗಳ ಪ್ರಕರಣದಲ್ಲಿ ಎತ್ತಿಹಿಡಿಯಿತು. ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದು ಸೇರುವ ಮಣಿಪಾಲದಂಥ ಊರಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕ ಅಡುಗೆಯ ವಿಚಾರವೋ ಜಾತಿ ಧರ್ಮದ ವಿಚಾರವೋ ಎಂದು ಕೇಳಲು ಬಾಡಿಗೆದಾರನಿಗೆ ವೇದಿಕೆ ಇಲ್ಲ. ಉದ್ಯೋಗದಲ್ಲಿ ಏನಾಗುತ್ತದೆ ಎಂಬುದಕ್ಕೆ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಸಂದರ್ಶನದ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟಿತ್ತು. ಅರ್ಜಿ ತೆಗೆದಿಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಈ ಅಧ್ಯಯನ ಕೇಳುವುದೇ ಇಲ್ಲ. ಅದೇ ಅದರ ಶಕ್ತಿ.

ಕಾಪುವಿನ ಪ್ರಕರಣದಲ್ಲಿ ಕಾನೂನು ಬೇರೆ ಪಾತ್ರ ವಹಿಸಿತು. ದೇವಸ್ಥಾನದ ಸಮೀಪದ ಜಾಗ, ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂಬ 2002ರ ಧಾರ್ಮಿಕ ದತ್ತಿ ನಿಯಮವನ್ನು ಆಗಿನ ಕಾನೂನು ಸಚಿವರು ವಿಧಾನಸಭೆಯಲ್ಲಿ ಉಲ್ಲೇಖಿಸಿದರು. ಅದು ಸ್ಥಿರಾಸ್ತಿಯ ಗುತ್ತಿಗೆಗೆ ಸಂಬಂಧಿಸಿದ್ದು, ಎರಡು ದಿನದ ಜಾತ್ರೆ ಅಂಗಡಿಗಲ್ಲ ಎಂದು ಎದುರು ವಾದ ಬಂತು. ಇಪ್ಪತ್ತು ವರ್ಷ ಪುಸ್ತಕದಲ್ಲಿ ಮಲಗಿದ್ದ ನಿಯಮ ಆ ವಾರ ಏಕೆ ಎದ್ದಿತು ಎಂಬ ಪ್ರಶ್ನೆಗೆ ನಿಯಮದೊಳಗೆ ಉತ್ತರವಿಲ್ಲ.

ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಗೆ ಆರಂಭವಾದ ಹಿಜಾಬ್ ವಿವಾದ ಮೂರನೆಯ ಬಗೆಯದು. ಸಮವಸ್ತ್ರ ಎಲ್ಲರಿಗೂ ಒಂದೇ, ಆದ್ದರಿಂದ ಭೇದವಿಲ್ಲ ಎಂಬುದು ಒಂದು ಪಕ್ಷ. ಎಲ್ಲರಿಗೂ ಒಂದೇ ಎಂದು ಕಾಣುವ ನಿಯಮದ ಹೊರೆ ಒಂದೇ ಗುಂಪಿನ ಮೇಲೆ ಬಿದ್ದರೆ ಅದೂ ತಾರತಮ್ಯ ಎಂಬುದು ಇನ್ನೊಂದು. ಸೇನೆಯ ಮಹಿಳಾ ಅಧಿಕಾರಿಗಳ ಪ್ರಕರಣದಲ್ಲಿ, 2021ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ಇಂಥ ಪರೋಕ್ಷ ತಾರತಮ್ಯದ ಪರಿಕಲ್ಪನೆಯನ್ನು ಒಪ್ಪಿತ್ತು. ಅಲ್ಲಿ ಉದ್ದೇಶ ಮುಖ್ಯವಲ್ಲ, ಪರಿಣಾಮ ಮುಖ್ಯ. ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟ್ ಸಮವಸ್ತ್ರದ ಪರ ನಿಂತಿತು. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತ ಅವರು ಮೇಲ್ಮನವಿಗಳನ್ನು ತಳ್ಳಿದರು. ಸುಧಾಂಶು ಧುಲಿಯಾ ಅವರು ಹುಡುಗಿಯರ ಓದು ಮತ್ತು ಆಯ್ಕೆಯನ್ನು ಮುಂದಿಟ್ಟರು.

ಬೆರೆತರೆ ಕರಗೀತೆ?

ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಮೇಲಿನವರ ಬೆಂಬಲ ಇದ್ದಾಗ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ ಎಂದು ಆಲ್‌ಪೋರ್ಟ್ ಹೇಳಿದ್ದರು. 515 ಅಧ್ಯಯನಗಳನ್ನು ಕೂಡಿಸಿ ನೋಡಿದ ಪೆಟಿಗ್ರೂ ಮತ್ತು ಟ್ರಾಪ್ 2006ರಲ್ಲಿ ಬಹುಮಟ್ಟಿಗೆ ಹೌದೆಂದರು. ಭಾರತದ ಎರಡು ಪ್ರಯೋಗಗಳು ಸ್ವಾರಸ್ಯವಾಗಿವೆ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ನಡೆಸಿದ ಕ್ರಿಕೆಟ್ ಪಂದ್ಯಾವಳಿಯಲ್ಲಿ, ಬೇರೆ ಜಾತಿಯವರು ಒಂದೇ ತಂಡದಲ್ಲಿ ಆಡಿದಾಗ ಗೆಳೆತನ ಹೆಚ್ಚಿತು, ಎದುರಾಳಿಗಳಾಗಿ ಆಡಿದಾಗ ಆ ಫಲ ಬರಲಿಲ್ಲ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳ ಜೊತೆ ಓದಿದ ಶ್ರೀಮಂತ ಮಕ್ಕಳು ಭೇದ ಮಾಡುವುದು ಕಡಿಮೆಯಾಯಿತೆಂದು ಗೌತಮ್ ರಾವ್ 2019ರಲ್ಲಿ ತೋರಿಸಿದರು.

ಒಡನಾಟಕ್ಕೇನೂ ನಮ್ಮಲ್ಲಿ ಬರವಿಲ್ಲ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚಲು ಹೋಗುತ್ತಾರೆ. ಕಾಪುವಿನ ಪಕ್ಕದ ಶಂಕರಪುರದಲ್ಲಿ ಕ್ರೈಸ್ತ ಮನೆಗಳ ಅಂಗಳದಲ್ಲಿ ಬೆಳೆದ ಮಲ್ಲಿಗೆ, ಅಟ್ಟೆಗೆ ಇಷ್ಟು ಎಂದು ಕಟ್ಟೆಯಲ್ಲಿ ದರ ಕಟ್ಟಿಸಿಕೊಂಡು, ದೈವದ ಮುಡಿಗೂ ನಾಗನ ಕಲ್ಲಿಗೂ ಹೋಗುತ್ತದೆ. ಇಷ್ಟೆಲ್ಲ ಇದ್ದೂ 2022ರ ಮಾರ್ಚ್ ಬಂತು. ದಿನನಿತ್ಯದ ಸೌಹಾರ್ದ ಸಾಲದು, ಎರಡೂ ಸಮುದಾಯದವರು ಒಟ್ಟಿಗೆ ನಡೆಸುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳು ಬೇಕು ಎಂದು ಅಶುತೋಷ್ ವಾರ್ಷ್ಣೇಯ 2002ರಲ್ಲಿ ಕಲ್ಲಿಕೋಟೆ, ಅಲಿಗಢಗಳನ್ನು ಹೋಲಿಸಿ ವಾದಿಸಿದ್ದು ಇಲ್ಲಿ ಹೆಚ್ಚು ಹೊಂದುತ್ತದೆಂದು ನನ್ನ ಅನಿಸಿಕೆ. ಜಾತ್ರೆಯಲ್ಲಿ ಕೊಳ್ಳುವವರು, ಮಾರುವವರು ಬೆರೆತಿದ್ದರು. ಏಲಂ ಕೂಗಿಸುವ ಮೇಜಿನ ಹಿಂದೆ ಬೆರೆತಿರಲಿಲ್ಲ.

ಇತ್ಯರ್ಥವಾಗದ್ದು

ತಮ್ಮವರ ಕಡೆಗಿನ ವಾಲಿಕೆ ಎಲ್ಲರಲ್ಲೂ ಇದೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. ಅದೇ ವಾಲಿಕೆ ಯಾವಾಗ ತಿರಸ್ಕಾರವಾಗುತ್ತದೆ, ಏಕೆ ಕೆಲವೇ ಗುಂಪುಗಳ ಮೇಲೆ ಮತ್ತೆ ಮತ್ತೆ ಬೀಳುತ್ತದೆ ಎಂಬಲ್ಲಿ ಮನಶ್ಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಇನ್ನೂ ಹೊಂದಾಣಿಕೆಯಾಗಿಲ್ಲ. ಅಲ್ಪಸಂಖ್ಯಾತರೊಳಗಿನ, ದಲಿತರೊಳಗಿನ ಪೂರ್ವಗ್ರಹವನ್ನು ಅದೇ ತಕ್ಕಡಿಯಲ್ಲಿ ತೂಗಬೇಕೆ? ಅಧಿಕಾರವಿಲ್ಲದವರ ಪೂರ್ವಗ್ರಹ ಅವರಿಗಿಂತ ದುರ್ಬಲರ ಮೇಲೆ, ಅವರದೇ ಮನೆಯ ಹೆಣ್ಣುಮಕ್ಕಳ ಮೇಲೆ ತಾರತಮ್ಯವಾಗಬಲ್ಲದು. ಹಾಗಿದ್ದಾಗ ಅಧಿಕಾರ ಇಲ್ಲ ಎಂದರೇನು ಎಂಬುದೂ ತೀರ್ಮಾನವಾಗಿಲ್ಲ.

ಖಾಸಗಿ ಮನೆಯೊಡೆಯನವರೆಗೆ ಕಾನೂನು ಚಾಚಬೇಕೆ, ದೇವಸ್ಥಾನದ ಊಟದ ಸಾಲು ಆಚರಣೆಯೋ ಸಾರ್ವಜನಿಕ ಸೇವೆಯೋ, ಜಾತ್ರೆಯ ಗದ್ದೆ ದೇವರದೋ ಸಂತೆಯದೋ ಎಂಬ ಪ್ರಶ್ನೆಗಳು ನ್ಯಾಯಾಲಯಗಳ ಮುಂದೆ ಬರುತ್ತಲೇ ಇರುತ್ತವೆ. ಕೊರಗರ ನಡುವೆಯೇ ಒಂದು ಪ್ರಶ್ನೆ ಇದೆ. ಡೋಲು ಬಾರಿಸುವುದು ತಮ್ಮ ಕಲೆ, ಅದನ್ನು ವೇದಿಕೆಯ ಮೇಲೆ ಹೆಮ್ಮೆಯಿಂದ ಬಾರಿಸುತ್ತೇವೆ ಎನ್ನುವವರಿದ್ದಾರೆ. ಮೇಲ್ಜಾತಿಯವರ ಉತ್ಸವಕ್ಕೆ ಕರೆದಾಗ ಹೋಗಿ ಬಾರಿಸಿದರೆ ಅದು ಅಜಲೇ ಎನ್ನುವವರೂ ಇದ್ದಾರೆ. ಸಂಭಾವನೆ ಕೊಟ್ಟರೆ ಸಾಕೆ, ಒಲ್ಲೆ ಎನ್ನುವ ಸ್ವಾತಂತ್ರ್ಯ ನಿಜವಾಗಿ ಇದೆಯೆ, ಅದನ್ನು ಯಾರು ಹೇಳಬೇಕು: 2000ದ ಕಾಯ್ದೆಯಲ್ಲಿ ಇದಕ್ಕೆ ಸಿದ್ಧ ಉತ್ತರ ಇಲ್ಲ.